ಅಜ್ಞಾತ ಆಗಂತುಕನೂ ಆಕಾಶದ ಕಾವಲೂ



ಈ ಸಂಜೆಯ ವಿಷಯವನ್ನು ಆಹ್ವಾನಪತ್ರಿಕೆಯಲ್ಲಿ ಕಂಡವರಲ್ಲಿ ಕೆಲವರಾದರೂ ಮುಗುಳ್ನಕ್ಕಿರಬೇಕು. ಅನ್ಯಲೋಕದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವುದು, ಬಂದುದು ಯಾರ ಕಣ್ಣಿಗೂ ಬೀಳದಿರುವುದು, ಅಂಥ ದಾಳಿಗೆ ಸೇನಾ ನಿಯಂತ್ರಣ ಕೇಂದ್ರವೊಂದು ಮುಂಗಡವಾಗಿಯೇ ಅಣಿಯಾಗಿ ಕುಳಿತಿರುವುದು, ಇವೆಲ್ಲ ಕಾದಂಬರಿಕಾರರ ಹಾಗೂ ಚಲಚ್ಚಿತ್ರ ನಿರ್ಮಾಪಕರ ಸೊತ್ತೆಂದೂ ದತ್ತಿ ಉಪನ್ಯಾಸದ ವೇದಿಕೆಗೆ ಒಪ್ಪತಕ್ಕವಲ್ಲವೆಂದೂ ಅವರು ಭಾವಿಸಿದ್ದರೆ ಅದು ಸಹಜವೇ. ಆದರೂ ಇದನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಯಾವ ಶತ್ರುವಿನ ರೂಪವನ್ನಾಗಲಿ, ಬಲವನ್ನಾಗಲಿ, ಉದ್ದೇಶವನ್ನಾಗಲಿ, ಬರುವ ದಾರಿಯನ್ನಾಗಲಿ ನಾವು ಅರಿಯೆವೋ ಆ ಶತ್ರುವಿಗಾಗಿ ಕಾವಲು ಕೂಡುವುದು ಸಾಧ್ಯವೆ ಎಂಬ ಪ್ರಶ್ನೆಯ ಮುಂದೆ ಕಳೆದ ಎಂಟು ದಶಕಗಳಲ್ಲಿ ಹಲವು ದೇಶಗಳ ಸೇನಾಧಿಕಾರಿಗಳು ನಿಜವಾಗಿಯೂ ನಿಂತಿದ್ದಾರೆ. ನಿಂತು, ಕೆಲವೊಮ್ಮೆ ಎಡವಿ, ಕೆಲವೊಮ್ಮೆ ಒಬ್ಬನೇ ಒಬ್ಬ ಮನುಷ್ಯನ ವಿವೇಕದಿಂದ ಉಳಿದುಕೊಂಡಿದ್ದಾರೆ. ಆ ಚರಿತ್ರೆಯೇ ನನ್ನ ಇಂದಿನ ವಸ್ತು.

ಪ್ರಾರಂಭದಲ್ಲಿಯೇ ನನ್ನ ಮೇರೆಯನ್ನು ಹಾಕಿಕೊಂಡುಬಿಡುತ್ತೇನೆ. ಅನ್ಯಗ್ರಹಗಳಲ್ಲಿ ಬುದ್ಧಿಜೀವಿಗಳಿದ್ದಾರೆಯೆ ಇಲ್ಲವೆ ಎಂಬುದನ್ನು ನಾನು ಚರ್ಚಿಸುವುದಿಲ್ಲ. ಅವರು ಇಲ್ಲಿಗೆ ಬಂದು ಹೋಗಿದ್ದಾರೆಂಬ ವಾದದ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆಯೇ 2022ರಲ್ಲಿ ಒಂದು ವಿಶೇಷ ಕಚೇರಿಯನ್ನು ತೆರೆದು, ಹಳೆಯ ಕಡತಗಳನ್ನೆಲ್ಲ ಶೋಧಿಸಿ, ಅನ್ಯಲೋಕದ ಯಂತ್ರವಿದ್ಯೆಗೆ ಯಾವ ಪುರಾವೆಯೂ ದೊರೆಯಲಿಲ್ಲವೆಂದು 2024ರ ಮಾರ್ಚಿನಲ್ಲಿ ವರದಿ ಕೊಟ್ಟಿದೆ; ನನಗೆ ಅಷ್ಟು ಸಾಕು. ನಾನು ನೋಡಬಯಸುವುದು ಕಾವಲಿನ ಕೊಠಡಿಯ ಒಳಗನ್ನು. ಮೊದಲು ನಮ್ಮ ಪರಂಪರೆಯ ಒಂದು ಪ್ರಸಂಗ, ಅನಂತರ ಆಧುನಿಕ ಕೊಠಡಿಯ ಹುಟ್ಟು, ಆಮೇಲೆ ಅದರ ಭ್ರಮೆಗಳು, ಕಡೆಗೆ ನಿಜವಾಗಿಯೂ ಆಕಾಶದಿಂದ ಬಂದ ಕೆಲವು ಅತಿಥಿಗಳು, ಈ ಕ್ರಮದಲ್ಲಿ ಮಾತನ್ನು ನಡೆಸುತ್ತೇನೆ.

ಮಹಾಭಾರತದ ವನಪರ್ವದಲ್ಲಿ ಪಾಂಡವರನ್ನು ಕಾಣಲು ಕಾಡಿಗೆ ಬಂದ ಶ್ರೀಕೃಷ್ಣನು, ತಾನು ದ್ಯೂತದ ವೇಳೆಯಲ್ಲಿ ಹಸ್ತಿನಾವತಿಗೆ ಏಕೆ ಬರಲಾಗಲಿಲ್ಲವೆಂಬುದನ್ನು ಧರ್ಮರಾಯನಿಗೆ ವಿವರಿಸುತ್ತಾನೆ. ಸಾಲ್ವನೆಂಬ ರಾಜನು ಸೌಭವೆಂಬ ಆಕಾಶಗಾಮಿಯಾದ ನಗರವನ್ನೇರಿ ದ್ವಾರಕೆಯ ಮೇಲೆ ಬಿದ್ದಿದ್ದನು. ಆ ದಾಳಿಯನ್ನೆದುರಿಸಲು ದ್ವಾರಕೆ ಹೇಗೆ ಸಿದ್ಧವಾಯಿತೆಂಬ ವರ್ಣನೆ ಅಲ್ಲಿ ಬಹು ಸ್ವಾರಸ್ಯವಾಗಿದೆ. ನಗರದಲ್ಲಿ ಯಾರೂ ಸುರಾಪಾನ ಮಾಡಕೂಡದೆಂದು ಡಂಗುರ ಹೊಯ್ಸಿದರು. ನಟರನ್ನೂ ನರ್ತಕರನ್ನೂ ಗಾಯಕರನ್ನೂ ಹೊರಗೆ ಕಳುಹಿದರು. ಸೇತುವೆಗಳನ್ನು ಮುರಿದು, ದೋಣಿಗಳ ಸಂಚಾರವನ್ನು ನಿಲ್ಲಿಸಿದರು. ಕಂದಕಗಳಲ್ಲಿ ಶೂಲಗಳನ್ನು ನೆಟ್ಟರು. ಸೈನಿಕರ ವೇತನವನ್ನು ಬಾಕಿಯಿಲ್ಲದೆ ಸಲ್ಲಿಸಿದರು. ಮುದ್ರೆಯಿಲ್ಲದವನು ಒಳಗೆ ಬರಲೂ ಕೂಡದು, ಹೊರಗೆ ಹೋಗಲೂ ಕೂಡದು ಎಂದು ನಿಯಮ ಮಾಡಿದರು. ಆಕಾಶದಲ್ಲಿ ತೇಲುವ ಪುರಕ್ಕೆ ನೆಲದ ಕಂದಕದಿಂದ ಆಗುವುದೇನೆಂದು ನಾವು ಇಂದು ಕೇಳಬಹುದು. ತಾನು ಬಲ್ಲ ಶತ್ರುವಿಗಾಗಿ ಕಲಿತ ವಿದ್ಯೆಯನ್ನೇ ತಾನರಿಯದ ಶತ್ರುವಿನ ಮೇಲೂ ಪ್ರಯೋಗಿಸುವುದು ಕಾವಲುಗಾರನ ಹಳೆಯ ಅಭ್ಯಾಸ. ಇದಕ್ಕೆ ದ್ವಾರಕೆಯ ಯಾದವರೂ ಹೊರತಲ್ಲ, ಮುಂದೆ ನಾವು ನೋಡಲಿರುವ ಕೊಲರಾಡೋದ ಸೇನಾನಿಗಳೂ ಹೊರತಲ್ಲ.

ಇದಕ್ಕಿಂತಲೂ ಮುಖ್ಯವಾದುದು ಯುದ್ಧಮಧ್ಯದ ಒಂದು ಘಟನೆ. ಸಾಲ್ವನೊಡನೆ ಕಾದುತ್ತಿದ್ದ ಕೃಷ್ಣನ ಬಳಿಗೆ ದೂತನೊಬ್ಬನು ಓಡಿಬಂದು, ದ್ವಾರಕೆಯಲ್ಲಿ ವಸುದೇವನು ಹತನಾದನೆಂಬ ವಾರ್ತೆಯನ್ನು ತಿಳಿಸುತ್ತಾನೆ. ವಾರ್ತೆ ಬಂದುದು ದ್ವಾರಕಾಧಿಪತಿಯಾದ ಆಹುಕನ ಹೆಸರಿನಲ್ಲಿ, ನಂಬತಕ್ಕ ಮೂಲದಿಂದ. ಕೃಷ್ಣನ ಮನಸ್ಸು ಕದಡುತ್ತದೆ. ಆದರೆ ಅವನು ಕೇಳಿಕೊಳ್ಳುವ ಪ್ರಶ್ನೆ ಇದು: ಬಲರಾಮನೂ ಸಾತ್ಯಕಿಯೂ ಪ್ರದ್ಯುಮ್ನನೂ ಬದುಕಿರುವಾಗ ವಸುದೇವನನ್ನು ಕೊಲ್ಲಲು ಯಾರಿಗೆ ಸಾಧ್ಯ? ಮತ್ತೆ ಯುದ್ಧಕ್ಕೆ ತೊಡಗಿದರೆ, ಸೌಭದಿಂದ ತಂದೆಯೇ ಕೆಳಗುರುಳುತ್ತಿರುವಂತೆ ಕಾಣುತ್ತದೆ; ಬಿಲ್ಲು ಕೈಯಿಂದ ಜಾರುತ್ತದೆ; ಮೂರ್ಛೆ ತಿಳಿದೆದ್ದು ನೋಡಿದರೆ ಅಲ್ಲಿ ತಂದೆಯೂ ಇಲ್ಲ, ಸೌಭವೂ ಇಲ್ಲ; ಎಲ್ಲವೂ ಮಾಯೆ. ಕಿವಿ ಕೇಳಿದುದನ್ನೂ ಕಣ್ಣು ಕಂಡುದನ್ನೂ ಸುಳ್ಳೆಂದು ತಳ್ಳಲು, ಕಿವಿಕಣ್ಣುಗಳ ಹೊರಗಿನಿಂದ ಬಂದ ಒಂದು ತಿಳಿವಳಿಕೆ, ಬಲರಾಮನು ಎಂಥವನೆಂಬ ತಿಳಿವಳಿಕೆ, ಅಲ್ಲಿ ಆಧಾರವಾಗಿತ್ತೆಂಬುದನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನನ್ನ ವಾದವೆಲ್ಲ ಈ ಒಂದು ಅಂಶದ ಮೇಲೆ ನಿಂತಿದೆ.

ಇನ್ನು ಆಧುನಿಕ ಕೊಠಡಿಯ ಕಡೆಗೆ ತಿರುಗೋಣ. ಆಕಾಶದ ಕಾವಲಿಗಾಗಿಯೇ ರಚಿತವಾದ ನಿಯಂತ್ರಣ ಕೇಂದ್ರದ ಸುಸ್ಪಷ್ಟವಾದ ಮೊದಲ ಮಾದರಿ ಇಂಗ್ಲೆಂಡಿನದು. 1936ರಲ್ಲಿ ಆ ದೇಶದ ಯುದ್ಧವಿಮಾನ ಪಡೆಯ ಮುಖ್ಯಸ್ಥರಾದ ಹ್ಯೂ ಡೌಡಿಂಗ್ ಅವರು ಲಂಡನ್ನಿನ ಹೊರವಲಯದ ಬೆಂಟ್ಲಿ ಪ್ರಯರಿ ಎಂಬ ಹಳೆಯ ಸೌಧದಲ್ಲಿ ಕಟ್ಟಿದ ವ್ಯವಸ್ಥೆ ಅದು. ಕರಾವಳಿಯುದ್ದಕ್ಕೂ ನಿಂತ ರೇಡಾರ್ ಗೋಪುರಗಳು ಕಡಲಿನಾಚೆಯಿಂದ ಬರುವ ವಿಮಾನಗಳನ್ನು ಕಂಡು ತಿಳಿಸುವುವು. ನೆಲದ ಮೇಲೆ ಬಂದುವನ್ನು ದುರ್ಬೀನು ಹಿಡಿದ ಸ್ವಯಂಸೇವಕರು ಗಮನಿಸಿ ದೂರವಾಣಿಯಲ್ಲಿ ಹೇಳುವರು. ಡೌಡಿಂಗರ ಪ್ರತಿಭೆ ಕಾಣಿಸಿಕೊಂಡುದು ಈ ವಾರ್ತೆಗಳನ್ನು ಕೂಡಿಸಿದುದರಲ್ಲಿ ಅಲ್ಲ, ಸೋಸಿದುದರಲ್ಲಿ. ರೇಡಾರಿನ ವಾರ್ತೆ ನೇರವಾಗಿ ಸೇನಾನಿಯ ಮೇಜಿಗೆ ಬರುವಂತಿರಲಿಲ್ಲ. ಮೊದಲು ಇನ್ನೊಂದು ಕೊಠಡಿಗೆ ಹೋಗಿ, ಒಂದೇ ವಿಮಾನವನ್ನು ಎರಡು ಗೋಪುರಗಳು ಎರಡಾಗಿ ಎಣಿಸಿದ್ದರೆ ಅದನ್ನು ಸರಿಪಡಿಸಿ, ಅನುಮಾನವಾದುದನ್ನು ಬದಿಗಿರಿಸಿ, ಆಮೇಲೆ ಮಾತ್ರ ದೊಡ್ಡ ನಕ್ಷೆಯ ಮೇಲೆ ಗುರುತಾಗಿ ಇಳಿಯಬೇಕು. ಗೋಡೆಯ ಗಡಿಯಾರದ ಮುಖವನ್ನು ಐದೈದು ನಿಮಿಷಗಳ ಭಾಗಗಳಾಗಿ ವಿಂಗಡಿಸಿ ಕೆಂಪು, ಹಳದಿ, ನೀಲಿ ಬಣ್ಣಗಳನ್ನು ಬಳಿದಿದ್ದರು. ಆಯಾ ವೇಳೆಯಲ್ಲಿ ಬಂದ ಗುರುತಿಗೆ ಆಯಾ ಬಣ್ಣ. ಮೇಜಿನ ಮೇಲಿನ ಯಾವ ಸುದ್ದಿ ಹಳಸಿದೆಯೆಂಬುದು ಕಣ್ಣು ಹಾಯಿಸಿದೊಡನೆ ತಿಳಿಯುತ್ತಿತ್ತು. ಹಳಸಿದ ಸತ್ಯವು ಸುಳ್ಳಿನಷ್ಟೇ ಅಪಾಯಕಾರಿಯೆಂಬುದನ್ನು ಇಷ್ಟು ಸರಳವಾಗಿ ಕಾರ್ಯರೂಪಕ್ಕೆ ತಂದ ಉಪಾಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆದರೆ ಈ ಕೊಠಡಿಯೂ ಯುದ್ಧ ಪ್ರಾರಂಭವಾದ ಮೊದಲ ವಾರದಲ್ಲಿಯೇ ಮೋಸ ಹೋಯಿತು. 1939ರ ಸೆಪ್ಟೆಂಬರ್ 6ರ ಬೆಳಗಿನಲ್ಲಿ ಗುರುತು ಸಿಕ್ಕದ ವಿಮಾನಗಳಿವೆಯೆಂಬ ಸುದ್ದಿಯ ಮೇಲೆ ಆಂಗ್ಲ ವಿಮಾನಗಳೇ ಮೇಲೇರಿ, ಹಾಗೆ ಮೇಲೇರಿದುವೇ ಮತ್ತೆ ಶತ್ರುಗಳೆಂದು ಎಣಿಕೆಯಾಗಿ, ಕಡೆಗೆ ಅವರ ಸ್ಪಿಟ್‌ಫೈರ್‌ಗಳು ಅವರದೇ ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದುವು. ಒಬ್ಬ ತರುಣ ವೈಮಾನಿಕನು ಸತ್ತನು. ಆ ದಿನ ಜರ್ಮನಿಯ ವಿಮಾನ ಒಂದಾದರೂ ಅಲ್ಲಿರಲಿಲ್ಲ. ತಾನು ಮಿತ್ರವಿಮಾನವೆಂದು ತಾನೇ ಸಾರಿ ಹೇಳುವ ಯಂತ್ರ ಆಗ ಇನ್ನೂ ಎಲ್ಲ ವಿಮಾನಗಳಲ್ಲಿಯೂ ಅಳವಟ್ಟಿರಲಿಲ್ಲ. ದ್ವಾರಕೆಯವರ ಮುದ್ರೆ ಇವರ ಕೈಯಲ್ಲಿರಲಿಲ್ಲವೆನ್ನಬೇಕು. ಇದೇ ಬಗೆಯ ಭ್ರಾಂತಿ 1942ರ ಫೆಬ್ರವರಿ 24ರ ನಡುರಾತ್ರಿ ಕಳೆದ ಮೇಲೆ ಲಾಸ್ ಏಂಜಲಿಸ್ ನಗರವನ್ನು ಹಿಡಿಯಿತು. 23ರ ಸಂಜೆಯೇ ಜಪಾನಿನ ಜಲಾಂತರ್ಗಾಮಿಯೊಂದು ಆ ಕರಾವಳಿಯ ಎಣ್ಣೆಯ ನೆಲೆಯ ಮೇಲೆ ಗುಂಡು ಹಾರಿಸಿತ್ತು. ಎಲ್ಲರ ಕಣ್ಣೂ ಆಕಾಶದಲ್ಲಿ. ಬರಿಯ ಆಗಸಕ್ಕೆ 1,400ಕ್ಕೂ ಮಿಕ್ಕಿ ಫಿರಂಗಿ ಗುಂಡುಗಳನ್ನು ಹಾರಿಸಿದರು. ಬೆಳಗಾದ ಮೇಲೆ ನೌಕಾ ಇಲಾಖೆಯ ಕಾರ್ಯದರ್ಶಿ ಅದೆಲ್ಲ ಹುಸಿಯೆಂದರು. ಭೂಸೇನೆಯ ಕಾರ್ಯದರ್ಶಿ ವಿಮಾನಗಳಿದ್ದಿರಬಹುದೆಂದರು. ಒಂದೇ ಸರಕಾರದ ಎರಡು ಬಾಯಿಗಳ ನಡುವಿನ ಆ ಸಂದಿನಲ್ಲಿ ಮುಂದೆ ಅನ್ಯಲೋಕದ ನೌಕೆಗಳ ಕಥೆಗಳು ಸುಖವಾಗಿ ಬೆಳೆದುವು.

ಈಗ ಹಾರುವ ತಟ್ಟೆಗಳ ಕಾಲಕ್ಕೆ ಬಂದೆವು. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ವೈಮಾನಿಕನು ವಾಷಿಂಗ್ಟನ್ ಸಂಸ್ಥಾನದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದು ಹೇಳಿದ ಬಳಿಕ ಇಂಥ ವರದಿಗಳು ಹೊಳೆಯಂತೆ ಹರಿಯತೊಡಗಿದುವು. ಅಮೆರಿಕದ ವಾಯುಸೇನೆ ಓಹಾಯೊ ಸಂಸ್ಥಾನದ ತನ್ನ ನೆಲೆಯೊಂದರಲ್ಲಿ ಅವುಗಳ ವಿಚಾರಣೆಗೆ ಕಚೇರಿಯನ್ನು ತೆರೆಯಿತು. 1952ರಿಂದ 1969ರವರೆಗೆ ಅದರ ಹೆಸರು ಬ್ಲೂ ಬುಕ್ ಯೋಜನೆ. ಒಟ್ಟು ಲೆಕ್ಕಕ್ಕೆ ಬಂದ 12,618 ವರದಿಗಳಲ್ಲಿ 701 ಬಗೆಹರಿಯದೆ ಉಳಿದುವು. ಈ 701 ಎಂಬ ಸಂಖ್ಯೆಯನ್ನು ಹಿಡಿದು ಜಗ್ಗಾಡುವವರು ಇಂದಿಗೂ ಉಂಟು. ಬಗೆಹರಿಯದುದಕ್ಕೂ ಬೇರೆ ಲೋಕದಿಂದ ಬಂದುದಕ್ಕೂ ಇರುವ ಅಂತರವನ್ನು ಅಂಥವರಿಗೆ ವಿವರಿಸುವ ತಾಳ್ಮೆ ನನಗಿಲ್ಲ, ಮುಂದಕ್ಕೆ ಹೋಗುತ್ತೇನೆ.

1952ರ ಜುಲೈ ತಿಂಗಳಿನ ಎರಡು ವಾರಾಂತ್ಯಗಳಲ್ಲಿ ಅಮೆರಿಕದ ರಾಜಧಾನಿಯ ವಿಮಾನನಿಲ್ದಾಣದ ರೇಡಾರಿನಲ್ಲಿ ಅಪರಿಚಿತ ಚುಕ್ಕೆಗಳು ಮೂಡಿ, ಯುದ್ಧವಿಮಾನಗಳು ಅವುಗಳ ಬೆನ್ನುಹತ್ತಿ ಹೋಗಿ, ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ನೆಲದ ಹತ್ತಿರದ ಗಾಳಿ ತಂಪಾಗಿಯೂ ಮೇಲಿನ ಪದರ ಬೆಚ್ಚಗೂ ಇರುವಾಗ ರೇಡಾರಿನ ಕಿರಣವು ಬಾಗಿ ನೆಲದ ವಸ್ತುಗಳನ್ನೇ ಆಕಾಶದ ವಸ್ತುಗಳೆಂದು ತೋರಿಸಬಲ್ಲದೆಂಬುದು ವಾಯುಸೇನೆ ಕೊಟ್ಟ ಸಮಾಧಾನ. ಇದರ ಹಿಂದೆಯೇ, 1953ರ ಜನವರಿಯಲ್ಲಿ, ಗುಪ್ತಚರ ಇಲಾಖೆ ಐವರು ವಿಜ್ಞಾನಿಗಳ ಮಂಡಲಿಯೊಂದನ್ನು ಕರೆಯಿತು. ಭೌತವಿಜ್ಞಾನಿ ರಾಬರ್ಟ್‌ಸನ್ ಅದರ ಅಧ್ಯಕ್ಷರು; ಮುಂದೆ ನೊಬೆಲ್ ಪಾರಿತೋಷಕ ಪಡೆದ ಲೂಯಿ ಆಲ್ವಾರೆಜ್ ಅದರ ಸದಸ್ಯರಲ್ಲೊಬ್ಬರು. ಅವರು ಕಂಡ ಅಪಾಯ ತಟ್ಟೆಗಳದಾಗಿರಲಿಲ್ಲ. ಸಾವಿರಾರು ಜನ ಆಕಾಶದ ಬೆಳಕುಗಳನ್ನೆಲ್ಲ ವರದಿ ಮಾಡತೊಡಗಿದರೆ ಸೈನ್ಯದ ವಾರ್ತಾಮಾರ್ಗಗಳೇ ತುಂಬಿಹೋಗಿ, ನಿಜವಾದ ಬಾಂಬರು ವಿಮಾನ ಬಂದ ದಿನ ಆ ಸುದ್ದಿ ಹಾದುಬರಲು ತೆರಪೇ ಇಲ್ಲದಂತಾದೀತೆಂಬುದು ಅವರ ಭಯ. ಅನ್ಯಲೋಕದ ಶತ್ರು ಇಲ್ಲದಿದ್ದರೂ ಅವನ ನಿರೀಕ್ಷೆಯೇ ಕಾವಲನ್ನು ಕೆಡಿಸಬಲ್ಲದೆಂಬ ಈ ನಿರ್ಣಯವನ್ನು ನಾನು ಆ ಶತಮಾನದ ಸೇನಾಚಿಂತನೆಯ ಬಹು ಸೂಕ್ಷ್ಮವಾದ ಮಾತುಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇಲ್ಲಿಂದ ಮುಂದೆ, ನಿರ್ಣಯಕ್ಕೆ ನಿಮಿಷಗಳಷ್ಟೇ ಉಳಿದ ಕ್ಷಿಪಣಿಯುಗದ ಕೊಠಡಿಗಳನ್ನು ಪ್ರವೇಶಿಸುತ್ತೇವೆ. ಅಮೆರಿಕ ಮತ್ತು ಕೆನಡ ಕೂಡಿ ಕಟ್ಟಿದ ನೋರಾಡ್ ಎಂಬ ವಾಯುರಕ್ಷಣಾ ದಳಕ್ಕಾಗಿ ಕೊಲರಾಡೋದ ಶಯೆನ್ ಪರ್ವತದ ಗ್ರಾನೈಟ್ ಕಲ್ಲಿನ ಗರ್ಭವನ್ನು 1961ರಿಂದ ಕೊರೆದು, 1966ರಲ್ಲಿ ಅಲ್ಲೊಂದು ನಿಯಂತ್ರಣ ಕೇಂದ್ರವನ್ನು ಪ್ರಾರಂಭಿಸಿದರು. ಒಳಗೆ 15 ಕಟ್ಟಡಗಳು. ಪರಮಾಣು ಸ್ಫೋಟದ ಕಂಪನವನ್ನು ತಾಳಲೆಂದು ಅವನ್ನು ಸಾವಿರಕ್ಕೂ ಮಿಕ್ಕಿದ ಉಕ್ಕಿನ ಸ್ಪ್ರಿಂಗುಗಳ ಮೇಲೆ ಕೂಡಿಸಿದ್ದಾರೆ. ಬಾಗಿಲೊಂದೊಂದೂ ಸುಮಾರು 25 ಟನ್ ತೂಕ. ಚಲಚ್ಚಿತ್ರದವರು ಅನ್ಯಲೋಕದವರೊಡನೆ ಹೋರಾಡುವ ಗುಪ್ತ ಸೇನೆಯನ್ನು ಇದೇ ಪರ್ವತದೊಳಗೆ ಕಲ್ಪಿಸಿಕೊಂಡಿರುವುದು ಆಶ್ಚರ್ಯವಲ್ಲ. ಇದೇ ಗಂಭೀರವಾದ ದಳವು ಪ್ರತಿವರ್ಷ ಕ್ರಿಸ್‌ಮಸ್ ಹಿಂದಿನ ರಾತ್ರಿ ಉತ್ತರಧ್ರುವದಿಂದ ಹೊರಟ ಸಾಂಟಾ ಕ್ಲಾಸನು ಎಲ್ಲಿದ್ದಾನೆಂದು ಮಕ್ಕಳಿಗೆ ತಿಳಿಸುವ ವಿನೋದವನ್ನೂ ನಡೆಸಿಕೊಂಡು ಬಂದಿದೆ; ಇದು 1955ರಲ್ಲಿ, ನೋರಾಡ್ ಹುಟ್ಟುವ ಮುನ್ನ, ಅದರ ಪೂರ್ವಸಂಸ್ಥೆಯಲ್ಲಿ ಪ್ರಾರಂಭವಾದ ಸಂಪ್ರದಾಯ. ಆಕಾಶದಿಂದ ಬರುವ ಅನ್ಯನೊಬ್ಬನಿಗೆ ಸೇನೆಯೊಂದು ಸ್ವಾಗತ ಕೋರುವ ಏಕೈಕ ವ್ಯವಸ್ಥೆ, ನನಗೆ ತಿಳಿದ ಮಟ್ಟಿಗೆ, ಇದೇ.

ಪರ್ವತವನ್ನು ಕೊರೆಯುವ ಮೊದಲೇ, 1960ರ ಅಕ್ಟೋಬರ್ 5ರಂದು, ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿ ಆಗತಾನೆ ನಿಂತಿದ್ದ ಬೃಹತ್ ರೇಡಾರು ಸೋವಿಯತ್ ಕ್ಷಿಪಣಿಗಳ ದೊಡ್ಡ ಸಮೂಹವೊಂದು ಹೊರಟಿದೆಯೆಂದು ಸಾರಿತು. ಗಣಕಯಂತ್ರವು ತನ್ನ ನಿಶ್ಚಯವನ್ನು ಶೇಕಡ 99.9ರಷ್ಟೆಂದು ಹೇಳಿತೆಂಬುದು ಪ್ರಸಿದ್ಧವಾದ ವೃತ್ತಾಂತ. ಆ ಹೊತ್ತಿನಲ್ಲಿ ನೋರಾಡಿನ ಹೊಣೆ ಹೊತ್ತಿದ್ದವರು ಕೆನಡದ ಏರ್ ಮಾರ್ಷಲ್ ರಾಯ್ ಸ್ಲೆಮನ್. ಅವರು ತೆರೆಯನ್ನು ನೋಡುವುದನ್ನು ಬಿಟ್ಟು ಕೇಳಿದುದು, ಕ್ರುಶ್ಚೇವ್ ಎಲ್ಲಿದ್ದಾರೆ ಎಂದು. ಸೋವಿಯತ್ ನಾಯಕರು ಆಗ ವಿಶ್ವಸಂಸ್ಥೆಯ ಸಭೆಗೆಂದು ನ್ಯೂಯಾರ್ಕಿನಲ್ಲಿಯೇ ಇದ್ದರು. ತನ್ನ ದೊರೆ ಕುಳಿತ ಊರಿನ ಮೇಲೆ ಯಾವ ಸೇನೆ ತಾನೆ ಅಸ್ತ್ರ ಬಿಟ್ಟೀತು? ಆಮೇಲೆ ತಿಳಿದುಬಂದುದು, ನಾರ್ವೆಯ ಕಡೆಯಿಂದ ಉದಯಿಸುತ್ತಿದ್ದ ಚಂದ್ರನನ್ನು ಆ ಯಂತ್ರ ಕಂಡಿತ್ತು. ರೇಡಾರಿನ ತರಂಗ ಚಂದ್ರನನ್ನು ಮುಟ್ಟಿ ಮರಳಲು ಸುಮಾರು ಎರಡೂವರೆ ಸೆಕೆಂಡು ಬೇಕು. ಅಷ್ಟು ದೂರದಿಂದ ಪ್ರತಿಧ್ವನಿ ಬಂದೀತೆಂಬುದನ್ನು ಲೆಕ್ಕದ ವಿಧಾನವನ್ನು ರಚಿಸಿದವರು ಎಣಿಸಿರಲಿಲ್ಲ. ಮನುಕುಲವು ಹುಟ್ಟಿದಂದಿನಿಂದ ನೋಡುತ್ತ ಬಂದ ಚಂದ್ರನೇ ಅಲ್ಲಿ ಅನ್ಯನಾಗಿಬಿಟ್ಟನು.

ಇಂಥದೇ ಇನ್ನೊಂದು ಪ್ರಸಂಗ ಎದುರು ಪಾಳೆಯದ್ದು. 1983ರ ಸೆಪ್ಟೆಂಬರ್ 26ರ ನಡುರಾತ್ರಿಯ ಬಳಿಕ ಮಾಸ್ಕೋದ ದಕ್ಷಿಣಕ್ಕಿರುವ ಸೆರ್ಪುಖೋವ್-15 ಎಂಬ ಕೇಂದ್ರದಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ಕಾವಲಿನಲ್ಲಿದ್ದರು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿತೆಂದು ಉಪಗ್ರಹವು ಸಾರಿತು, ಅನಂತರ ಮತ್ತೊಂದು, ಹೀಗೆ ಐದು. ಪೆಟ್ರೋವ್ ತಮ್ಮಲ್ಲಿ ತಾವೇ ತರ್ಕಿಸಿದರು: ಸರ್ವನಾಶದ ಯುದ್ಧವನ್ನು ಯಾರೂ ಐದೇ ಕ್ಷಿಪಣಿಗಳಿಂದ ಪ್ರಾರಂಭಿಸರು, ನೆಲದ ರೇಡಾರುಗಳೂ ಏನನ್ನೂ ಕಾಣುತ್ತಿಲ್ಲ, ವ್ಯವಸ್ಥೆಯೋ ಹೊಸತು. ಇದು ಯಂತ್ರದ ದೋಷವೆಂದು ಅವರು ಮೇಲಕ್ಕೆ ತಿಳಿಸಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಸೂರ್ಯನ ಬೆಳಕು ಉಪಗ್ರಹದ ಕಣ್ಣಿಗೆ ಕ್ಷಿಪಣಿಯ ಬೆಂಕಿಯಾಗಿ ತೋರಿತ್ತೆಂದು ಬಳಿಕ ನಿರ್ಧಾರವಾಯಿತು. ಈ ಎರಡು ಘಟನೆಗಳ ನಡುವೆ ನೋರಾಡಿನಲ್ಲಿ 1979ರ ನವೆಂಬರಿನಲ್ಲಿ ಅಭ್ಯಾಸಕ್ಕಾಗಿ ಸಿದ್ಧಪಡಿಸಿದ ಕಾಲ್ಪನಿಕ ಯುದ್ಧದ ಚಿತ್ರವು ನಿಜವಾದ ತೆರೆಗಳ ಮೇಲೆ ಹರಿದುದೂ, 1980ರ ಜೂನಿನಲ್ಲಿ 46 ಸೆಂಟು ಬೆಲೆಯ ಬಿಡಿಭಾಗವೊಂದು ಕೆಟ್ಟು ಇಲ್ಲದ ಕ್ಷಿಪಣಿಗಳನ್ನು ಎಣಿಸಿದುದೂ ಉಂಟು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ಲೆಮನ್ನರನ್ನೂ ಪೆಟ್ರೋವರನ್ನೂ ಕಾಪಾಡಿದುದು ತೆರೆಯ ಹೊರಗಿನ ತಿಳಿವಳಿಕೆ. ದ್ವಾರಕೆಯ ಕೃಷ್ಣನಿಗೆ ಬಲರಾಮನ ಪರಾಕ್ರಮ ಹೇಗೋ ಇವರಿಗೆ ಶತ್ರುವಿನ ಸ್ವಭಾವ ಹಾಗೆ. ಶತ್ರುವೂ ತಮ್ಮಂತೆಯೇ ಸಾವಿಗೆ ಅಂಜುವವನು, ತಮ್ಮಂತೆಯೇ ಲೆಕ್ಕ ಹಾಕುವವನು, ತನ್ನ ನಾಯಕನನ್ನು ತಾನೇ ಸುಡುವವನಲ್ಲ ಎಂಬ ಆ ತಿಳಿವಳಿಕೆ ಎಷ್ಟು ಆಳವಾದುದೆಂದರೆ ಅದನ್ನು ಯಾವ ನಿಯಮಾವಳಿಯಲ್ಲಿಯೂ ಬರೆದಿಡಬೇಕಾಗಿರಲಿಲ್ಲ. ಈಗ ಆ ಶತ್ರುವಿನ ಸ್ಥಾನದಲ್ಲಿ ಅನ್ಯಲೋಕದವನನ್ನು ಕೂಡಿಸಿ ನೋಡಿ. ಅವನು ಐದು ಕ್ಷಿಪಣಿಗಳಿಂದ ಯುದ್ಧ ಹೂಡುವನೋ, ಐದು ಸಾವಿರದಿಂದಲೋ, ಅಥವಾ ಕ್ಷಿಪಣಿಯೇ ಇಲ್ಲದೆಯೋ? ಅವನಿಗೆ ನಾಯಕನೆಂಬವನಿದ್ದಾನೆಯೆ? ಅವನ ಮೌನವು ಮೈತ್ರಿಯೆ, ತಾಳ್ಮೆಯೆ, ಹೊಂಚೆ? ಯಾವ ಪ್ರಶ್ನೆಗೂ ತೆರೆಯ ಹೊರಗೆ ಉತ್ತರವಿಲ್ಲ. ಆದುದರಿಂದ, ನಮ್ಮ ಯಂತ್ರಗಳು ದುರ್ಬಲವೆಂಬ ಕಾರಣಕ್ಕಿಂತ ಹೆಚ್ಚಾಗಿ, ಯಂತ್ರವನ್ನು ತಿದ್ದತಕ್ಕ ಅನುಭವವೇ ಇಲ್ಲವೆಂಬ ಕಾರಣದಿಂದ, ಅಂಥ ಶತ್ರುವಿನ ಮುಂದೆ ಎಂಥ ಪರ್ವತದೊಳಗಿನ ಕೊಠಡಿಯೂ ಕುರುಡಾಗುತ್ತದೆ.

ಹಾಗಾದರೆ ಸಿದ್ಧತೆಯೇ ವ್ಯರ್ಥವೆ? ಹಾಗೆಂದು ನಾನು ಹೇಳುವುದಿಲ್ಲ. ಅಪರಿಚಿತವನ್ನು ಅರಿಯಲಾಗದಿದ್ದರೂ ಪರಿಚಿತವನ್ನು ಪೂರ್ತಿಯಾಗಿ ಅರಿಯುವ ದಾರಿಯೊಂದು ಉಳಿದಿದೆ. ಇದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ನಿದರ್ಶನವುಂಟು. 2012ರ ಆಗಸ್ಟಿನಿಂದ ಮುಂದಿನ ಫೆಬ್ರವರಿಯವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿಯ ಗಡಿಕಾವಲಿನ ನಮ್ಮ ಸೈನಿಕರು ಆಕಾಶದಲ್ಲಿ ಹೊಳೆಯುವ ವಸ್ತುಗಳನ್ನು 300ಕ್ಕೂ ಹೆಚ್ಚು ಬಾರಿ ಕಂಡು ದಾಖಲಿಸಿದರು. ಚೀನೀಯರ ಬೇಹುಗಾರಿಕೆಯ ಯಂತ್ರಗಳಿರಬೇಕೆಂಬ ಸಂಶಯ ಹುಟ್ಟಿತು. ಆಗ ಸೇನೆಯವರು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ನೆರವನ್ನು ಕೋರಿದರು. ಲಡಾಖಿನ ಹಾನ್ಲೆಯ ವೀಕ್ಷಣಾಲಯವೂ ಇದೇ ಸಂಸ್ಥೆಯದು. ದಾಖಲೆಗಳನ್ನು ಪರಿಶೀಲಿಸಿದ ಖಗೋಳಜ್ಞರು ಹೇಳಿದುದು: ಒಂದು ಗುರು, ಇನ್ನೊಂದು ಶುಕ್ರ. ಸೈನಿಕರನ್ನು ನೋಡಿ ನಗುವುದು ಸುಲಭ. ಆದರೆ ನಾಲ್ಕು ಸಾವಿರ ಮೀಟರಿಗೂ ಮೀರಿದ ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ನಾವು ಬಯಲುಸೀಮೆಯಲ್ಲಿ ಎಂದೂ ಕಾಣದಷ್ಟು ಉಜ್ವಲವಾಗಿ ಬೆಳಗುತ್ತವೆ, ಮತ್ತು ಕಂಡುದನ್ನು ಕಂಡಂತೆ ಬರೆದಿಡುವುದು ಕಾವಲುಗಾರನ ಧರ್ಮ. ಅವರು ದಿನಾಂಕ, ವೇಳೆಗಳೊಡನೆ ಬರೆದಿಟ್ಟುದರಿಂದಲೇ ಪಂಚಾಂಗ ಬಲ್ಲವರಿಗೆ ಅದು ಬಿಡಿಸಬಹುದಾದ ಒಗಟಾಯಿತು.

ಇದಕ್ಕೆ ವಿರುದ್ಧವಾದ ಪ್ರಸಂಗವೊಂದನ್ನು 2023ರ ಫೆಬ್ರವರಿ ನಮಗೆ ಕೊಟ್ಟಿದೆ. ನನ್ನ ವಿಷಯಕ್ಕೆ ಇದಕ್ಕಿಂತ ಹತ್ತಿರವಾದ ನಿಜಘಟನೆ ಇನ್ನೊಂದಿಲ್ಲ. ಚೀನದ ದೊಡ್ಡ ಬೆಲೂನೊಂದು ಅಮೆರಿಕ ಖಂಡವನ್ನು ಅಡ್ಡಲಾಗಿ ದಾಟಿ, ಫೆಬ್ರವರಿ 4ರಂದು ದಕ್ಷಿಣ ಕೆರೊಲೈನದ ಕಡಲಿನ ಮೇಲೆ ಹೊಡೆತ ತಿಂದು ಬಿದ್ದಿತು. ಇಂಥ ಬೆಲೂನುಗಳು ಹಿಂದೆಯೂ ಬಂದಿದ್ದುವು, ನಮ್ಮ ಗಮನಕ್ಕೆ ಬರಲಿಲ್ಲ, ಎಂದು ನೋರಾಡಿನ ಆಗಿನ ಮುಖ್ಯಸ್ಥರಾದ ಜನರಲ್ ಗ್ಲೆನ್ ವ್ಯಾನ್‌ಹರ್ಕ್ ಬಹಿರಂಗವಾಗಿ ಒಪ್ಪಿಕೊಂಡರು. ಕಾರಣ ಸರಳವಾದುದು. ಆಕಾಶದಲ್ಲಿ ಹಕ್ಕಿಗಳು, ಮೋಡಗಳು, ಹವಾಮಾನದ ಬೆಲೂನುಗಳು ಅಸಂಖ್ಯಾತವಾಗಿರುವುದರಿಂದ ನಿಧಾನವಾಗಿ ಚಲಿಸುವ ಸಣ್ಣ ವಸ್ತುಗಳನ್ನು ರೇಡಾರು ತಾನಾಗಿಯೇ ಬಿಟ್ಟುಬಿಡುವಂತೆ ಹೊಂದಿಸಿರುತ್ತಾರೆ. ಅಕ್ಕಿಯನ್ನು ಒಂದರಿಯಾಡುವವಳು ನುಚ್ಚನ್ನು ಕೆಳಗೆ ಬಿಡುವಂತೆ. ಬೆಲೂನಿನ ಬಳಿಕ ಆ ಒಂದರಿಯ ಕಣ್ಣನ್ನು ಕಿರಿದುಮಾಡಿದರು. ಮಾಡಿದೊಡನೆ ಅಲಾಸ್ಕದ ಮೇಲೆ 10ರಂದು, ಯೂಕಾನಿನ ಮೇಲೆ 11ರಂದು, ಹ್ಯೂರನ್ ಸರೋವರದ ಮೇಲೆ 12ರಂದು, ಹೀಗೆ ದಿನಕ್ಕೊಂದರಂತೆ ಅಪರಿಚಿತ ವಸ್ತುಗಳು ಕಾಣಿಸಿಕೊಂಡುವು, ಮೂರನ್ನೂ ಹೊಡೆದುರುಳಿಸಿದರು. ಹ್ಯೂರನ್ನಿನ ಮೇಲೆ ಹಾರಿಸಿದ ಮೊದಲ ಕ್ಷಿಪಣಿ ಗುರಿ ತಪ್ಪಿತು. ಅನ್ಯಲೋಕದವರಿರಬಹುದೆ ಎಂದು ಪತ್ರಿಕೆಯವರು ಕೇಳಿದಾಗ ಜನರಲ್ಲರು, ತಾವು ಯಾವುದನ್ನೂ ತಳ್ಳಿಹಾಕಿಲ್ಲವೆಂದು ಉತ್ತರ ಕೊಟ್ಟರು. ಸೇನಾಧಿಕಾರಿಯ ಎಚ್ಚರಿಕೆಯ ಮಾತು ಅದು. ಜಗತ್ತಿನ ಪತ್ರಿಕೆಗಳು ಅದನ್ನು ಹೇಗೆ ಅಚ್ಚುಮಾಡಿದುವೆಂಬುದನ್ನು ನಾನು ಹೇಳಬೇಕಾಗಿಲ್ಲ. ಆ ಮೂರು ವಸ್ತುಗಳು ಖಾಸಗಿ ಸಂಸ್ಥೆಗಳದೋ ಸಂಶೋಧಕರದೋ ಬೆಲೂನುಗಳಾಗಿರುವ ಸಂಭವವೇ ಹೆಚ್ಚೆಂದು ಕೆಲವೇ ದಿನಗಳಲ್ಲಿ ಆಗಿನ ಅಧ್ಯಕ್ಷ ಬೈಡನ್ ಹೇಳಿದರು. ಆ ವಾರದಲ್ಲಿ ಆಕಾಶ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು. ಆದರೆ ಹೊಸದಾಗಿ ಕಂಡುದರ ಪಟ್ಟಿ ಯಾರ ಬಳಿಯಲ್ಲಿಯೂ ಇರಲಿಲ್ಲ. ಲಡಾಖಿನಲ್ಲಿ ಗ್ರಹಗಳಿಗೆ ಪಂಚಾಂಗವಿತ್ತು, ಯೂಕಾನಿನಲ್ಲಿ ಬೆಲೂನುಗಳಿಗೆ ಪಂಚಾಂಗವಿರಲಿಲ್ಲ.

ಕಡೆಯದಾಗಿ, ನಿಜವಾಗಿಯೂ ಹೊರಗಿನಿಂದ ಬಂದವರ ವಿಚಾರ. ಪರಮಾಣು ಪರೀಕ್ಷೆಗಳನ್ನು ಯಾರಾದರೂ ಗುಟ್ಟಾಗಿ ನಡೆಸಿದರೆ ಹಿಡಿಯಲೆಂದು ಅಮೆರಿಕ ಹಾರಿಸಿದ್ದ ವೇಲಾ ಎಂಬ ಸೇನಾ ಉಪಗ್ರಹಗಳು 1967ರ ಜುಲೈ 2ರಂದು ಗಾಮಾ ಕಿರಣಗಳ ವಿಚಿತ್ರವಾದ ಮಿಂಚೊಂದನ್ನು ದಾಖಲಿಸಿದುವು. ಅದು ಬಾಂಬಿನ ಲಕ್ಷಣವನ್ನು ಹೋಲಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ಅವಸರಪಡದೆ ಇಂಥ ಹಲವನ್ನು ಕೂಡಿಸಿ, ಅವು ಭೂಮಿಯಿಂದಲೂ ಸೂರ್ಯನಿಂದಲೂ ಬಂದುವಲ್ಲವೆಂದು ಸಾಧಿಸಿ, 1973ರಲ್ಲಿ ಪ್ರಕಟಿಸಿದರು. ನೆರೆಯವನ ಕಳ್ಳತನವನ್ನು ಹಿಡಿಯಲು ಕುಳಿತ ಕಾವಲು ಬ್ರಹ್ಮಾಂಡದ ಅತ್ಯಂತ ಪ್ರಬಲವಾದ ಸ್ಫೋಟಗಳನ್ನು ಕಂಡುಹಿಡಿದಂತಾಯಿತು. ಕಾವಲು ಸಫಲವಾದ ಇಂಥ ದಿನದ ಎದುರಿಗೆ 2013ರ ಫೆಬ್ರವರಿ 15ನ್ನು ಇಡಬೇಕು. ಅಂದು ಕ್ಷುದ್ರಗ್ರಹವೊಂದು ಭೂಮಿಯಿಂದ ಸುಮಾರು 27,700 ಕಿಲೋಮೀಟರು ದೂರದಲ್ಲಿ ಹಾದುಹೋಗುವುದೆಂದು ಮೊದಲೇ ಗಣಿತವಾಗಿ, ಲೋಕದ ದೂರದರ್ಶಕಗಳೆಲ್ಲ ಅದರ ಮೇಲೆ ನೆಟ್ಟಿದ್ದುವು. ಅದೇ ದಿನ ಅದಕ್ಕೆ ಸಂಬಂಧವೇ ಇಲ್ಲದ, ಸುಮಾರು 20 ಮೀಟರು ಅಗಲದ ಇನ್ನೊಂದು ಬಂಡೆ ಸೂರ್ಯನಿದ್ದ ದಿಕ್ಕಿನಿಂದಲೇ ಬಂದು, ಯಾವ ಕಾವಲಿಗೂ ಸಿಕ್ಕದೆ, ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲಣ ಆಕಾಶದಲ್ಲಿ ಸಿಡಿಯಿತು. ಬಹುಮಟ್ಟಿಗೆ ಒಡೆದ ಗಾಜು ತಾಗಿ ಗಾಯಗೊಂಡವರು ಸುಮಾರು 1,500. ಇನ್ನು 2017ರ ಅಕ್ಟೋಬರ್ 19ರಂದು ಹವಾಯಿಯ ದೂರದರ್ಶಕವೊಂದು ಕಂಡ ಔಮುವಾಮುವಾ ನಮ್ಮ ಸೌರವ್ಯೂಹಕ್ಕೆ ನಕ್ಷತ್ರಗಳ ನಡುವಿನಿಂದ ಬಂದುದೆಂದು ಗುರುತಾದ ಪ್ರಥಮ ವಸ್ತು. ಕಂಡಾಗ ಅದು ಸೂರ್ಯನನ್ನು ಸುತ್ತಿ, ಭೂಮಿಗೆ ಅತಿ ಸಮೀಪವಾದ ಬಿಂದುವನ್ನು ದಾಟಿ ಐದು ದಿನವಾಗಿತ್ತು; ಹೊರಟುಹೋಗುವ ಅತಿಥಿಯ ಬೆನ್ನನ್ನು ನಾವು ಕಂಡೆವು. ಅದು ಬಂಡೆಯೇ ಆಗಿದ್ದಿರಬೇಕು. ನೌಕೆಯಾಗಿದ್ದರೂ ಕಾವಲಿನ ಪಾಲಿಗೆ ವ್ಯತ್ಯಾಸವೇನೂ ಆಗುತ್ತಿರಲಿಲ್ಲ.

ದೂರದ ಲೋಕದಿಂದ ಸಂಕೇತವೊಂದು ಬಂದರೆ ಏನು ಮಾಡಬೇಕೆಂಬುದಕ್ಕೆ ಖಗೋಳಜ್ಞರು 1989ರಲ್ಲಿಯೇ ಒಂದು ನಿಯಮಾವಳಿಯನ್ನು ಒಪ್ಪಿಕೊಂಡಿದ್ದಾರೆ: ಮೊದಲು ಪರೀಕ್ಷಿಸು, ಇತರರಿಂದ ಪರೀಕ್ಷೆ ಮಾಡಿಸು, ಆಮೇಲೆ ಮುಚ್ಚುಮರೆಯಿಲ್ಲದೆ ಲೋಕಕ್ಕೆ ತಿಳಿಸು, ಎಲ್ಲ ದೇಶಗಳೊಡನೆ ಸಮಾಲೋಚಿಸದೆ ಉತ್ತರ ಕೊಡಬೇಡ. ಆದರೆ ಅದು ದೂರದ ಧ್ವನಿಯನ್ನು ಕುರಿತುದು. ಬಾಗಿಲಿಗೆ ಬಂದು ನಿಂತವನನ್ನು ಕುರಿತುದಲ್ಲ. ಬಂಡೆಗಳ ವಿಷಯದಲ್ಲಿ ಸ್ಥಿತಿ ಇದಕ್ಕಿಂತ ಉತ್ತಮ. ಬಡಿಯುವ ಸಂಭವ ಶೇಕಡ ಒಂದನ್ನು ದಾಟಿದರೆ ಎಚ್ಚರಿಕೆ ಕೊಡತಕ್ಕದ್ದೆಂದು ಅಂತಾರಾಷ್ಟ್ರೀಯ ಜಾಲವೊಂದು ಮೊದಲೇ ಗೊತ್ತುಮಾಡಿಕೊಂಡಿದೆ. 2024ರ ಡಿಸೆಂಬರ್ 27ರಂದು ಪತ್ತೆಯಾದ ಕ್ಷುದ್ರಗ್ರಹವೊಂದು 2032ರಲ್ಲಿ ಭೂಮಿಗೆ ಬಡಿಯುವ ಸಂಭವ ಆ ಮೇರೆಯನ್ನು ಮೀರಿದಾಗ ಎಚ್ಚರಿಕೆ ಹೊರಟಿತು. ಮುಂದಿನ ಫೆಬ್ರವರಿಯಲ್ಲಿ ಅದು ಶೇಕಡ ಮೂರನ್ನು ಮುಟ್ಟಿತು. ಇನ್ನಷ್ಟು ವೀಕ್ಷಣೆಗಳು ಕೂಡಿಬಂದ ಹಾಗೆಲ್ಲ ಇಳಿದು, ಆ ತಿಂಗಳು ಮುಗಿಯುವುದರೊಳಗೆ ಗಣನೆಗೆ ಬಾರದಷ್ಟಾಯಿತು. ಯಾರೂ ಗುಂಡು ಹಾರಿಸಲಿಲ್ಲ, ಯಾರೂ ಸುದ್ದಿಯನ್ನು ಮುಚ್ಚಿಡಲಿಲ್ಲ. ಏರುತ್ತಿದ್ದ ಸಂಖ್ಯೆಯನ್ನೂ ಇಳಿಯುತ್ತಿದ್ದ ಸಂಖ್ಯೆಯನ್ನೂ ದಿನದಿನವೂ ಪ್ರಕಟಿಸುತ್ತ ಹೋದರು. ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯು 2022ರಲ್ಲಿ ತೆರೆದ ಬಾಹ್ಯಾಕಾಶ ನಿರ್ವಹಣಾ ಕೇಂದ್ರವೂ ನಮ್ಮ ಉಪಗ್ರಹಗಳ ದಾರಿಗೆ ಅಡ್ಡಬರಬಹುದಾದ ಚೂರುಪಾರುಗಳ ವಿಷಯದಲ್ಲಿ ಇಂಥ ಲೆಕ್ಕದ ಕೆಲಸವನ್ನೇ ಮಾಡುತ್ತಿದೆ. ಅನ್ಯಲೋಕದ ದಾಳಿಗೆ ಸಿದ್ಧವಾಗತಕ್ಕ ಕೊಠಡಿ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಕೊಲರಾಡೋದ ಪರ್ವತಕ್ಕಿಂತ ಮೊದಲು ನಾನು ಬೊಟ್ಟುಮಾಡುವುದು ಇಂಥ ಲೆಕ್ಕದ ಕೊಠಡಿಗಳನ್ನು.